ಅಪ್ಪನ ಹಳೆ ದುರ್ಬೀನು ಸರಿಮಾಡಿಸುವುದೋ, ಹೊಸ ಟೆಲಿಸ್ಕೋಪ್ ಕೊಳ್ಳುವುದೋ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ. ತಂದೆ ನಿವೃತ್ತ ವಿಜ್ಞಾನ ಮೇಷ್ಟ್ರು. 1980ರ ಪೂರ್ಣ ಸೂರ್ಯಗ್ರಹಣವನ್ನು ಸಿಂಧನೂರಿನ ಕಡೆ ಹೋಗಿ ನೋಡಿದ್ದರು. ಅಲ್ಲಿಂದ ಹತ್ತಿದ ಆಸಕ್ತಿ. 1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅವರ ಗೆಳೆಯರೊಬ್ಬರು ದುಬೈನಿಂದ ಒಂದು ಜಪಾನಿ ಟೆಲಿಸ್ಕೋಪ್ ತಂದುಕೊಟ್ಟರು. ಕೊಳವೆಯ ಮೇಲೆ ‘ಡಿ 60, ಎಫ್ 900’ ಎಂದಿದೆ. ಈಗ ಎಂಟನೇ ಕ್ಲಾಸಿನ ನನ್ನ ಮಗಳಿಗೂ ಅದೇ ಆಸೆ. ಆದರೆ ಚಿತ್ರ ಮಬ್ಬು. ಕೈ ತಾಗಿದರೆ ಸಾಕು, ಅಲುಗಾಡುತ್ತದೆ. 2025ರ ದೀಪಾವಳಿ ಹೊತ್ತಿಗೆ ಶನಿ ನೋಡಿದಾಗ ಬಳೆ ಒಂದು ಗೆರೆಯ ಹಾಗೆ ಕಂಡಿತು. ‘ನಾನು ನೋಡುವಾಗ ಎಷ್ಟು ಅಗಲ ಇತ್ತು, ಲೆನ್ಸ್ ಹೋಗಿದೆ’ ಎಂದು ತಂದೆಗೆ ಬೇಜಾರು. ಹಾಗಂತ ಹೊಸದು ತರೋಣ ಎಂದರೆ, ‘ಹಳೆ ಗಾಜಿನ ಮುಂದೆ ಈಗಿನ ಪ್ಲಾಸ್ಟಿಕ್ ಯಾವ ಲೆಕ್ಕ’ ಅಂತಾರೆ. ಅಂಗಡಿಯವರು 525 ಪಟ್ಟು ದೊಡ್ಡದಾಗಿ ತೋರಿಸುವ ಹೊಸದು ತಗೊಳ್ಳಿ ಎನ್ನುತ್ತಾರೆ. ನನ್ನ ತಮ್ಮ, ಫೋನಿಗೇ ಫೋಟೋ ಬರುವ ಸ್ಮಾರ್ಟ್ ಟೆಲಿಸ್ಕೋಪ್ ತಗೋ ಅಕ್ಕಾ ಎನ್ನುತ್ತಾನೆ. 25,000 ರೂಪಾಯಿ ತೆಗೆದಿಟ್ಟಿದ್ದೇನೆ. ಹಳೆಯದರ ಡಬ್ಬಿಯಲ್ಲಿ ಸೂರ್ಯನನ್ನು ನೋಡಲು ‘ಸನ್’ ಎಂದು ಬರೆದ ಕಪ್ಪು ಗಾಜೂ ಇದೆ. ಏನು ಮಾಡಲಿ ಸರ್?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿರುವ ಕಪ್ಪು ಗಾಜಿನಿಂದಲೇ ಶುರು ಮಾಡುತ್ತೇನೆ. ಉಳಿದದ್ದನ್ನೆಲ್ಲ ನಿಧಾನಕ್ಕೆ ಯೋಚಿಸಬಹುದು, ಇದು ಹಾಗಲ್ಲ. ಆ ಗಾಜನ್ನು ಇವತ್ತೇ ಡಬ್ಬಿಯಿಂದ ತೆಗೆಯಿರಿ. ಬಟ್ಟೆಯಲ್ಲಿ ಸುತ್ತಿ, ಸುತ್ತಿಗೆಯಿಂದ ಒಡೆದು ಬಿಸಾಡಿ. ಕಪಾಟಿನಲ್ಲಿ ಎತ್ತಿಡುವುದು ಬೇಡ, ಎಂದಾದರೂ ಮಗಳ ಕೈಗೆ ಸಿಗುತ್ತದೆ.

ಆ ಕಾಲದ ಸಣ್ಣ ಟೆಲಿಸ್ಕೋಪ್‌ಗಳ ಜೊತೆ ಈ ಗಾಜು ಬರುವುದು ಮಾಮೂಲಾಗಿತ್ತು. ಐಪೀಸಿನ, ಅಂದರೆ ಕಣ್ಣಿಟ್ಟು ನೋಡುವ ಪುಟ್ಟ ಲೆನ್ಸ್ ಕೊಳವೆಯ, ತಳಕ್ಕೆ ತಿರುಗಿಸಿ ಕೂರಿಸುವಂಥದ್ದು. 60 ಮಿ.ಮೀ. ಲೆನ್ಸ್ ಹಿಡಿದ ಬಿಸಿಲೆಲ್ಲ ಒಟ್ಟಾಗುವುದು ಅದರ ಹತ್ತಿರದಲ್ಲೇ. ಗಾಜು ಕಾಯುತ್ತದೆ, ಕಾದದ್ದು ಮುನ್ಸೂಚನೆ ಇಲ್ಲದೆ ಸೀಳಬಹುದು. ಆ ಕ್ಷಣ ಅದರ ಹಿಂದೆ ಇರುವುದು ಕಣ್ಣು. ಕಣ್ಣಿನ ಒಳಪರದೆಗೆ ನೋವು ತಿಳಿಯುವುದಿಲ್ಲ. ಸುಟ್ಟದ್ದು ಗೊತ್ತಾಗುವುದು ಆಮೇಲೆ, ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ತಂದೆಯವರು ಅದರಲ್ಲಿ ಸೂರ್ಯನನ್ನು ನೋಡಿದ್ದೂ ಏನೂ ಆಗಿಲ್ಲ ಎಂದರೆ ಅದು ಅವರ ಅದೃಷ್ಟ ಅಷ್ಟೇ.

ಸೂರ್ಯನನ್ನು ನೋಡಲೇಬೇಕೆಂದರೆ ಬಿಸಿಲನ್ನು ಟೆಲಿಸ್ಕೋಪಿನ ಒಳಗೆ ಬರುವ ಮುಂಚೆಯೇ ತಡೆಯಬೇಕು. ಅಂದರೆ ಫಿಲ್ಟರ್ ಇರಬೇಕಾದದ್ದು ಮುಂದಿನ ಲೆನ್ಸಿನ ಮೇಲೆ. ಅದಕ್ಕೆಂದೇ ತಯಾರಾದ ಸೋಲಾರ್ ಫಿಲ್ಮ್ ಸಿಗುತ್ತದೆ. ಗಾಳಿಗೆ ಹಾರದ ಹಾಗೆ ರಟ್ಟಿನ ಚೌಕಟ್ಟು ಮಾಡಿ, ಟೇಪ್ ಹಾಕಿ ಕೂರಿಸಬೇಕು. ಇನ್ನೊಂದು ದಾರಿ, ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸುವುದು. ಇದಕ್ಕೆ ನಿಮ್ಮ ಡಬ್ಬಿಯಲ್ಲಿರಬಹುದಾದ ‘ಎಚ್’ ಅಕ್ಷರದ ಹಳೆ ಹೈಗನ್ಸ್ ಐಪೀಸ್ ಚೆನ್ನಾಗಿ ಒದಗುತ್ತದೆ. ಅದರೊಳಗಿನ ಗಾಜುಗಳನ್ನು ಅಂಟು ಹಾಕಿ ಜೋಡಿಸಿರುವುದಿಲ್ಲ, ಹಾಗಾಗಿ ಶಾಖಕ್ಕೆ ಅಂಟು ಹಾಳಾಗುವ ಭಯ ಇಲ್ಲ. ಗುರಿ ಹಿಡಿಯಲು ಪಕ್ಕದಲ್ಲಿರುವ ಸಣ್ಣ ದುರ್ಬೀನಿಗೆ, ಅಂದರೆ ಫೈಂಡರ್‌ಗೆ ಮುಚ್ಚಳ ಹಾಕಿರಬೇಕು. ದೊಡ್ಡವರೊಬ್ಬರು ಪಕ್ಕದಲ್ಲೇ ನಿಂತಿರಬೇಕು. 2027ರ ಆಗಸ್ಟ್ 2ರ ಗ್ರಹಣ ನಮ್ಮ ಕಡೆಗೂ ಪಾರ್ಶ್ವವಾಗಿ ಕಾಣುತ್ತದೆ. ಮಳೆಗಾಲ, ಮೋಡ ಬಿಟ್ಟರೆ ನೋಡಬಹುದು. ಅಷ್ಟರೊಳಗೆ ಈ ಏರ್ಪಾಡು ಮಾಡಿಕೊಳ್ಳಿ.

ತಂದೆಯವರ ಆಸಕ್ತಿ ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. 1980ರ ಫೆಬ್ರುವರಿ 16ರಂದು ಚಂದ್ರನ ಪೂರ್ಣ ನೆರಳು ರಾಯಚೂರು ಜಿಲ್ಲೆಯ ಮೇಲೇ ಹಾದುಹೋಯಿತು. ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಶಿಬಿರ ಹಾಕಿ ಅಧ್ಯಯನ ಮಾಡಿದ್ದರು. ನಮ್ಮ ಸೀಮೆಗೆ ಅಂಥ ದಿನ ಮತ್ತೆ ಮತ್ತೆ ಬರುವುದಿಲ್ಲ.

ಶನಿಯ ಬಳೆ ಯಾಕೆ ಗೆರೆಯಾಯಿತು

ಈಗ ಅವರ ಬೇಜಾರಿಗೆ ಬರೋಣ. ನಿಮ್ಮ ಲೆನ್ಸ್ ಹೋಗಿಲ್ಲ. ಕನಿಷ್ಠ ಶನಿಯ ವಿಷಯದಲ್ಲಿ ಅದರ ತಪ್ಪಿಲ್ಲ.

ಶನಿ ಸುಮಾರು 27 ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುತ್ತದೆ. ಒಂದು ಸುತ್ತಿಗೆ 29 ವರ್ಷಕ್ಕೂ ಮೇಲೆ ಬೇಕು. ಆ ಸುತ್ತಿನಲ್ಲಿ ಎರಡು ಸಲ ಬಳೆಯ ಅಂಚು ನೇರ ನಮ್ಮ ಕಡೆ ತಿರುಗುತ್ತದೆ. ಬಳೆ ತುಂಬಾ ತೆಳುವಾದದ್ದು, ಅಂಚಿನಿಂದ ನೋಡಿದರೆ ದೊಡ್ಡ ಟೆಲಿಸ್ಕೋಪಿನಲ್ಲೂ ಗೆರೆಯೇ. 2025ರ ಮಾರ್ಚ್‌ನಲ್ಲಿ ಹೀಗಾಯಿತು. ಆ ವರ್ಷದ ಕೊನೆಯವರೆಗೂ ಬಳೆ ಹೆಚ್ಚುಕಡಿಮೆ ಗೆರೆಯಾಗಿಯೇ ಇತ್ತು. ನಿಮ್ಮ ತಂದೆಯವರಿಗೆ ದುರ್ಬೀನು ಬಂದದ್ದು 1986ರಲ್ಲಿ. 1987–88ರ ಹೊತ್ತಿಗೆ ಬಳೆ ಅತಿ ಹೆಚ್ಚು ತೆರೆದುಕೊಂಡಿತ್ತು. ಅವರು ನೋಡಿದ್ದು ಶನಿಯ ಅತ್ಯಂತ ಚೆಂದದ ಕಾಲ, ಮೊಮ್ಮಗಳು ನೋಡಿದ್ದು ಅತ್ಯಂತ ಬಡವಾದ ಕಾಲ. ಇಬ್ಬರೂ ಕಂಡದ್ದು ನಿಜವೇ. ಇನ್ನು ವರ್ಷ ವರ್ಷ ಬಳೆ ತೆರೆಯುತ್ತಾ ಹೋಗುತ್ತದೆ, 2032ರ ಸುಮಾರಿಗೆ ಮತ್ತೆ ಪೂರ್ತಿ ಅಗಲವಾಗುತ್ತದೆ. ಇದನ್ನು ಅವರಿಗೆ ದಯವಿಟ್ಟು ಹೇಳಿ. ಹಳೆಯದನ್ನು ಮೂಲೆಗೆ ಹಾಕುವ ಮಾತು ಇಷ್ಟಕ್ಕೇ ಬಂದಿದ್ದರೆ ಬೇಸರದ ವಿಷಯ.

ಹಳೆ ಗಾಜು ಮೇಲು ಎನ್ನುವ ಮಾತು

ಬಳ್ಳಾರಿಯಲ್ಲಿ ಹಳೆ ಟೆಲಿಸ್ಕೋಪ್‌ಗಳನ್ನು ಬಿಚ್ಚಿ ಸರಿಮಾಡುವುದು, ಸುತ್ತಮುತ್ತಲ ಶಾಲೆಗಳಿಗೆ ಹೋಗಿ ಆಕಾಶ ತೋರಿಸುವುದು ನನ್ನ ಕೆಲಸ. ಈ ಮಾತು ಬಹಳ ಮನೆಗಳಲ್ಲಿ ಕೇಳಿಸುತ್ತದೆ. ಅರ್ಧ ನಿಜ.

ಗಾಜಿಗೆ ವಯಸ್ಸಾಗುವುದಿಲ್ಲ. 1986ರಲ್ಲಿ ಅರೆದ ಲೆನ್ಸ್ ಅದೇ ಆಕಾರದಲ್ಲಿ ಇಂದಿಗೂ ಇರುತ್ತದೆ. ನಿಮ್ಮದರ ಮುಂದಿನ ಲೆನ್ಸ್ ಎರಡು ಗಾಜುಗಳ ಜೋಡಿ, ಒಂದು ಕ್ರೌನ್, ಇನ್ನೊಂದು ಫ್ಲಿಂಟ್. ಬೇರೆ ಬೇರೆ ಬಣ್ಣದ ಬೆಳಕು ಒಂದೇ ಕಡೆ ಸೇರಲಿ ಎಂದು ಹೀಗೆ ಜೋಡಿಸುತ್ತಾರೆ. ಪೂರ್ತಿ ಸೇರುವುದಿಲ್ಲ, ಸ್ವಲ್ಪ ನೇರಳೆ ಬಣ್ಣ ಉಳಿಯುತ್ತದೆ. ಆದರೆ ಕೊಳವೆ ಉದ್ದ ಇದ್ದಷ್ಟೂ ಈ ದೋಷ ಕಡಿಮೆ. 60 ಮಿ.ಮೀ. ಅಗಲಕ್ಕೆ 900 ಮಿ.ಮೀ. ಉದ್ದ ಎಂದರೆ ಹದಿನೈದು ಪಟ್ಟು. ಇಂಥ ಲೆನ್ಸಿನಲ್ಲಿ ಚಂದ್ರನ ಅಂಚಿಗೆ ನೇರಳೆ ಬಣ್ಣ ಕಾಣುವುದೇ ಇಲ್ಲ ಎನ್ನಬಹುದು. ಈಗ ಬ್ಯಾಗಿನಲ್ಲಿ ಹಿಡಿಯುವಂತೆ ಮಾಡಿದ 70 ಮಿ.ಮೀ. ಅಗಲ, 400 ಮಿ.ಮೀ. ಉದ್ದದ ಹೊಸವು ಬಂದಿವೆ. ಸ್ವಲ್ಪ ಜಾಸ್ತಿ ಬೆಳಕು ಹಿಡಿಯುತ್ತವೆ ನಿಜ. ಆದರೆ ಪವರ್ ಏರಿಸಿದ ಕೂಡಲೇ ಗುರುಗ್ರಹದ ಸುತ್ತ ನೇರಳೆ ಪ್ರಭೆ ಏಳುತ್ತದೆ. ಗ್ರಹಗಳಿಗೆ ನಿಮ್ಮ ತಂದೆಯವರದೇ ಮೇಲು. ಇಲ್ಲಿ ಅವರು ಗೆದ್ದರು.

ಆದರೆ ಟೆಲಿಸ್ಕೋಪ್ ಎಂದರೆ ಮುಂದಿನ ಲೆನ್ಸ್ ಒಂದೇ ಅಲ್ಲವಲ್ಲ. ಈ ನಲವತ್ತು ವರ್ಷದಲ್ಲಿ ನಿಜಕ್ಕೂ ಸುಧಾರಿಸಿದ್ದು ಕಣ್ಣಿನ ಕಡೆಯ ಭಾಗ, ಅಂದರೆ ಐಪೀಸ್. ನಿಮ್ಮ ಡಬ್ಬಿಯಲ್ಲಿ ‘ಎಸ್‌ಆರ್ 4’ ಎಂದು ಬರೆದ ಒಂದು ಪುಟ್ಟ ಐಪೀಸ್ ಇರಬೇಕು. ಆ ಕಾಲದ 60 ಮಿ.ಮೀ. ದುರ್ಬೀನುಗಳ ಜೊತೆ ಅದು ಬಹುತೇಕ ಇದ್ದೇ ಇರುತ್ತಿತ್ತು. ಅದರ ಕಿಂಡಿ ಎಷ್ಟು ಸಣ್ಣದೆಂದರೆ ರೆಪ್ಪೆ ತಾಗುವಷ್ಟು ಹತ್ತಿರ ಕಣ್ಣಿಡಬೇಕು. ಮಗಳಿಗೆ ಮಬ್ಬು ಕಂಡಿದ್ದರೆ ನನ್ನ ಅನುಮಾನ ಮೊದಲು ಅದರ ಮೇಲೆಯೇ.

ಲೆಕ್ಕ ಸುಲಭ. ಲೆನ್ಸಿನಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ದೂರಕ್ಕೆ ನಾಭಿದೂರ ಎನ್ನುತ್ತಾರೆ. ಕೊಳವೆಯ ಮೇಲಿನ ‘ಎಫ್ 900’, ಐಪೀಸಿನ ಮೇಲಿನ ‘4’ ಅವೇ. ಟೆಲಿಸ್ಕೋಪಿನ ನಾಭಿದೂರವನ್ನು ಐಪೀಸಿನ ನಾಭಿದೂರದಿಂದ ಭಾಗಿಸಿದರೆ ಪವರ್ ಸಿಗುತ್ತದೆ. 900ನ್ನು 4ರಿಂದ ಭಾಗಿಸಿ: 225 ಪಟ್ಟು. ಆದರೆ ಒಂದು ಲೆನ್ಸ್ ತಡೆದುಕೊಳ್ಳುವ ಪವರ್ ಸುಮಾರಾಗಿ ಅದರ ಅಗಲದ ಎರಡು ಪಟ್ಟು. 60 ಮಿ.ಮೀ.ಗೆ 120. ಅದರಾಚೆ ಹೋದರೆ ಹೊಸ ವಿವರ ಏನೂ ಸಿಗುವುದಿಲ್ಲ, ಇದ್ದ ಬೆಳಕೇ ಹರಡಿ ತೆಳ್ಳಗಾಗುತ್ತದೆ.

ಈಗ ಅಂಗಡಿಯವರ 525ನ್ನು ಇದೇ ಲೆಕ್ಕಕ್ಕೆ ಹಾಕಿ ನೋಡಿ. ಸಾಮಾನ್ಯವಾಗಿ ಅದು 70 ಮಿ.ಮೀ. ಅಗಲ, 700 ಮಿ.ಮೀ. ನಾಭಿದೂರದ ಟೆಲಿಸ್ಕೋಪ್. 700 ಭಾಗಿಸು 4, ಅಲ್ಲಿಗೆ 175. ಅದಕ್ಕೆ ಐಪೀಸಿನ ಮುಂದೆ ಕೂರಿಸಿ ಪವರ್ ಏರಿಸುವ ಮೂರು ಪಟ್ಟಿನ ಬಾರ್ಲೋ ಲೆನ್ಸ್ ಸೇರಿಸಿದರೆ 525. ಆದರೆ ಆ ಲೆನ್ಸ್ ತಡೆಯುವುದು 140. 1980ರ ದಶಕದ ಡಬ್ಬಗಳ ಮೇಲೂ ಹೀಗೇ ಬರೆಯುತ್ತಿದ್ದರು. ಡಬ್ಬದ ಮೇಲೆ ಮೊದಲು ಪವರ್ ಕಂಡರೆ ಅದನ್ನು ಅಲ್ಲೇ ಕೆಳಗಿಡಿ. ಕೇಳಬೇಕಾದದ್ದು ಮುಂದಿನ ಲೆನ್ಸ್, ಅಥವಾ ಲೆನ್ಸಿನ ಬದಲು ಕನ್ನಡಿಯಿಂದ ಬೆಳಕು ಹಿಡಿಯುವ ಬಗೆಯಾದರೆ ಆ ಕನ್ನಡಿ, ಎಷ್ಟು ಅಗಲ ಎಂದು. ಬೆಳಕು ಹಿಡಿಯುವ ಶಕ್ತಿ ಅಗಲದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಿಂದ 70ಕ್ಕೆ ಹೋದರೆ ಮೂರನೇ ಒಂದು ಭಾಗದಷ್ಟು ಹೆಚ್ಚು. 60ರಿಂದ 150ಕ್ಕೆ ಹೋದರೆ ಆರು ಪಟ್ಟಿಗೂ ಹೆಚ್ಚು. ದುಡ್ಡು ಕೊಡುವುದಾದರೆ ಈ ಎರಡನೆಯ ಜಿಗಿತಕ್ಕೆ ಕೊಡಬೇಕು, ಅಲ್ವಾ?

ಹಳೆಯದನ್ನು ಮೊದಲು ಪರೀಕ್ಷಿಸಿ

ರಾತ್ರಿ ಕೋಣೆಯ ಲೈಟ್ ಆರಿಸಿ, ಮುಂದಿನ ಲೆನ್ಸಿನ ಮೇಲೆ ಓರೆಯಾಗಿ ಟಾರ್ಚ್ ಬಿಡಿ. ಧೂಳಿನ ಕಣಗಳು ಎಷ್ಟೇ ಕಂಡರೂ ಹೆದರಬೇಡಿ, ಅವುಗಳಿಂದ ಚಿತ್ರ ಕೆಡುವುದಿಲ್ಲ. ಬಳ್ಳಾರಿ, ಸಂಡೂರು ಕಡೆಯಿಂದ ನನ್ನಲ್ಲಿಗೆ ಬರುವ ಟೆಲಿಸ್ಕೋಪ್‌ಗಳಲ್ಲಿ ಕೆಂಧೂಳು ಮಾಮೂಲು. ಕಾರಟಗಿ, ಗಂಗಾವತಿ, ಸಿಂಧನೂರಿನ ಕಡೆಯವುಗಳ ತೊಂದರೆ ಬೇರೆ. ನಿಮ್ಮದು ಎಡದಂಡೆ ಕಾಲುವೆಯ ಭತ್ತದ ಸೀಮೆ. ಸುತ್ತ ಗದ್ದೆಯಲ್ಲಿ ನೀರು ನಿಂತಿರುತ್ತದೆ, ಗಾಳಿಯಲ್ಲಿ ಪಸೆ. ಮುಚ್ಚಿದ ಡಬ್ಬಿಯಲ್ಲಿ ವರ್ಷಗಟ್ಟಲೆ ಇದ್ದ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಟಾರ್ಚ್ ಬೆಳಕಿಗೆ ಅದು ಜೇಡರ ಬಲೆಯಂಥ ಸಣ್ಣ ಎಳೆಗಳಾಗಿ ಕಾಣುತ್ತದೆ.

ಎಳೆಗಳು ಹೊರಮೈಯಲ್ಲಿದ್ದರೆ ನೀವೇ ತೆಗೆಯಬಹುದು. ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ ಧೂಳು ಹಾರಿಸಿ. ಬಾಯಿಂದ ಊದಬೇಡಿ. ಡಿಸ್ಟಿಲ್ಡ್ ವಾಟರ್‌ಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿ, ಹತ್ತಿಯನ್ನು ಅದರಲ್ಲಿ ನೆನೆಸಿ, ಒತ್ತದೆ ಸುಮ್ನೆ ಎಳೆಯಿರಿ. ಒಮ್ಮೆ ಎಳೆದ ಹತ್ತಿ ಮತ್ತೆ ಬೇಡ. ಎಳೆಗಳು ಎರಡು ಗಾಜುಗಳ ನಡುವೆ ಇದ್ದರೆ ಕೆಲಸ ಬಲ್ಲವರಿಗೆ ಕೊಡಿ. ಬಹಳ ಕಾಲ ಬಿಟ್ಟ ಬೂಷ್ಟು ಗಾಜಿನ ಮೇಲಿನ ಲೇಪವನ್ನೇ ತಿಂದು ಗುರುತು ಉಳಿಸಿರುತ್ತದೆ. ಆ ಗುರುತು ಹೋಗುವುದಿಲ್ಲ, ಆದರೂ ಸ್ವಲ್ಪ ಇದ್ದರೆ ಚಿತ್ರಕ್ಕೆ ಅಂಥ ಧಕ್ಕೆಯಿಲ್ಲ.

ಆಮೇಲೆ ನಕ್ಷತ್ರದ ಪರೀಕ್ಷೆ. ನೆತ್ತಿಯ ಹತ್ತಿರದ ಒಂದು ಹೊಳೆಯುವ ನಕ್ಷತ್ರಕ್ಕೆ ತಿರುಗಿಸಿ, ಫೋಕಸ್ ಸ್ವಲ್ಪ ತಪ್ಪಿಸಿ. ಒಂದರೊಳಗೊಂದು ದುಂಡನೆಯ ಉಂಗುರಗಳು ಕಂಡರೆ ಲೆನ್ಸ್ ಆರೋಗ್ಯವಾಗಿದೆ. ತ್ರಿಕೋನವಾಗಿ ಕಂಡರೆ ಲೆನ್ಸನ್ನು ಹಿಡಿದಿರುವ ಬಳೆ ಬಿಗಿ ಜಾಸ್ತಿಯಾಗಿದೆ, ತುಸು ಸಡಿಲಿಸಿದರೆ ಸಾಕು. ಫೋಕಸ್ ಎಲ್ಲಿ ತಿರುಗಿಸಿದರೂ ಚುಕ್ಕೆಯೇ ಆಗದೆ ಉಬ್ಬಿದಂತೆ ಕಂಡರೆ, ಯಾರೋ ಹಿಂದೆ ಸ್ವಚ್ಛ ಮಾಡಲು ಬಿಚ್ಚಿ, ಒಂದು ಗಾಜನ್ನು ತಿರುಗುಮುರುಗಾಗಿ ಕೂರಿಸಿರಬಹುದು. ಹಳೆ ದುರ್ಬೀನುಗಳಲ್ಲಿ ನಾನು ಇದನ್ನು ಪದೇ ಪದೇ ನೋಡುತ್ತೇನೆ. ಸರಿಯಾಗಿ ಕೂರಿಸಿದ ಕೂಡಲೇ ಹೋಯಿತೆಂದುಕೊಂಡ ಲೆನ್ಸ್ ಎದ್ದು ಕೂರುತ್ತದೆ.

ಕೊನೆಯದಾಗಿ ಒಂದು ಜೋಡಿ ನಕ್ಷತ್ರ. ಪುನರ್ವಸುವಿನ ಎರಡು ನಕ್ಷತ್ರಗಳಲ್ಲಿ ಸ್ವಲ್ಪ ಮಂಕಾದದ್ದು ಕ್ಯಾಸ್ಟರ್. ಬರಿಗಣ್ಣಿಗೆ ಒಂದು, ಟೆಲಿಸ್ಕೋಪಿನಲ್ಲಿ ಎರಡು. ಅವುಗಳ ನಡುವಿನ ಅಂತರ 5 ಆರ್ಕ್‌ಸೆಕೆಂಡಿಗೂ ತುಸು ಹೆಚ್ಚು. ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ. 60 ಮಿ.ಮೀ. ಲೆನ್ಸ್ 2 ಆರ್ಕ್‌ಸೆಕೆಂಡಿನ ಜೋಡಿಯನ್ನೂ ಬಿಡಿಸಬಲ್ಲದು. ಹಾಗಾಗಿ 90 ಪಟ್ಟಿನ ಪವರ್‌ನಲ್ಲಿ ಕ್ಯಾಸ್ಟರ್ ಎರಡಾಗಿ ಕಾಣಲೇಬೇಕು. ಕಂಡರೆ ಬೇರೆ ಸರ್ಟಿಫಿಕೇಟ್ ಬೇಡ.

ಸರಿಪಡಿಸುವ ಖರ್ಚು ಎಲ್ಲಿ ಬರುತ್ತದೆ? ಹಳೆ ಐಪೀಸುಗಳ ಕೊಳವೆ 24.5 ಮಿ.ಮೀ. ಈಗಿನವು 31.7 ಮಿ.ಮೀ. ನಡುವೆ ಕೂರಿಸುವ ಅಡಾಪ್ಟರ್ ಸಿಗುತ್ತದೆ. ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಎರಡೂ ಅಳತೆ ಕೊಟ್ಟು ಒಂದು ಅಲ್ಯುಮಿನಿಯಂ ಬಳೆ ತಿರುವಿಸಿಕೊಳ್ಳಬಹುದು. ಅಕ್ಕಿ ಗಿರಣಿಗಳಿರುವ ನಿಮ್ಮ ಊರಲ್ಲಿ ಲೇತ್ ಕೆಲಸದವರಿಗೆ ಕೊರತೆಯಿಲ್ಲ. ಒಳಗೆ ಕೂದಲೆಳೆಯಷ್ಟು ಸಡಿಲ ಇರಲಿ ಎಂದು ಹೇಳಿ. ಪ್ಲಾಸಲ್ ಎಂಬ ಬಗೆಯ ಎರಡು ಐಪೀಸ್ ಸಾಕು, 25 ಮತ್ತು 10 ಮಿ.ಮೀ. ಅದರಿಂದ 36 ಪಟ್ಟು, 90 ಪಟ್ಟು ಸಿಗುತ್ತದೆ. ಮೊದಲನೆಯದು ಕೃತ್ತಿಕೆಗೆ, ಪೂರ್ತಿ ಚಂದ್ರನಿಗೆ. ಎರಡನೆಯದು ಗುರು, ಶನಿ, ಚಂದ್ರನ ಕುಳಿಗಳಿಗೆ. ಬಾರ್ಲೋ ಬೇಡ.

ಅಲುಗಾಟಕ್ಕೆ ಮದ್ದು ಇನ್ನೂ ಅಗ್ಗ. ನಿಮ್ಮದರ ಕಾಲುಗಳು ಮರದವಾದರೆ ಅವನ್ನು ಯಾವ ಕಾರಣಕ್ಕೂ ಎಸೆಯಬೇಡಿ. ಈಗಿನ ತೆಳು ಅಲ್ಯುಮಿನಿಯಂ ಪೈಪಿಗಿಂತ ಮರ ನಡುಕವನ್ನು ಬೇಗ ನುಂಗುತ್ತದೆ. ಸ್ಕ್ರೂ, ಚಿಟ್ಟೆ ನಟ್ಟುಗಳನ್ನೆಲ್ಲ ಬಿಗಿ ಮಾಡಿ, ಸವೆದ ವಾಷರ್ ಬದಲಿಸಿ. ಗಟ್ಟಿಯಾದ ಹಳೆ ಗ್ರೀಸ್ ಒರೆಸಿ ಹೊಸದು ಹಚ್ಚಿ. ಕಾಲುಗಳನ್ನು ಪೂರ್ತಿ ಎಳೆಯದೆ ಗಿಡ್ಡ ಇಟ್ಟು, ಮಗಳು ಸ್ಟೂಲಿನ ಮೇಲೆ ಕೂತು ನೋಡಲಿ. ಮೂರು ಕಾಲುಗಳ ನಡುವೆ ಮರಳಿನ ಚೀಲ ತೂಗುಹಾಕಿ. ಫೈಂಡರ್ ಮಬ್ಬಾಗಿದ್ದರೆ ಅದರ ಬದಲು ಕೆಂಪು ಚುಕ್ಕೆಯ ಹೊಸ ಫೈಂಡರ್ ಕೂರಿಸಿ. ಈ ಕಾಲದ ಸಣ್ಣ ವಸ್ತುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದು. ಮಕ್ಕಳು ಒಂದೇ ಸಂಜೆಯಲ್ಲಿ ಕಲಿಯುತ್ತಾರೆ.

ಹೊಸದರಲ್ಲಿ ಏನಿದೆ

525 ಪಟ್ಟಿನದು ಬೇಡ ಎಂದು ಆಗಲೇ ಹೇಳಿದೆ. ಅದೇ ಅಂಗಡಿಗಳಲ್ಲಿ ಇನ್ನೊಂದು ಬಗೆ ಇರುತ್ತದೆ: 114 ಮಿ.ಮೀ. ಕನ್ನಡಿ, ನಾಭಿದೂರ 1000 ಮಿ.ಮೀ. ಎಂದು ಬರೆದಿದ್ದರೂ ಕೊಳವೆ ಅದರ ಅರ್ಧದಷ್ಟೇ ಉದ್ದ. ಒಳಗೆ ಫೋಕಸ್ ಕೊಳವೆಯಲ್ಲಿ ಒಂದು ಸಣ್ಣ ಲೆನ್ಸ್ ಅಡಗಿಸಿಟ್ಟಿರುತ್ತಾರೆ. ಇದಕ್ಕೆ ಬರ್ಡ್–ಜೋನ್ಸ್ ಎನ್ನುತ್ತಾರೆ. ವಿನ್ಯಾಸ ಕೆಟ್ಟದ್ದಲ್ಲ, ಆದರೆ ಅಗ್ಗದಲ್ಲಿ ಮಾಡಿದ್ದು ಚಿತ್ರ ಮೆತ್ತಗೆ ಕೊಡುತ್ತದೆ. ಕನ್ನಡಿಗಳನ್ನು ಸಾಲಿಗೆ ತರುವುದೂ ಬಲು ಕಷ್ಟ. ಮೊದಲ ಟೆಲಿಸ್ಕೋಪಿಗೆ ಇದು ಬೇಡವೇ ಬೇಡ.

ಸ್ಟ್ಯಾಂಡ್ ವಿಷಯದಲ್ಲೂ ಒಂದು ಮಾತು. ‘ಇಕ್ವೇಟೋರಿಯಲ್’ ಸ್ಟ್ಯಾಂಡ್ ಎಂದರೆ ಜಾಸ್ತಿ ವೈಜ್ಞಾನಿಕ ಎಂದು ಮಾರುತ್ತಾರೆ. ಅದರ ಒಂದು ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿಡಬೇಕು. ಕಾರಟಗಿಯಲ್ಲಿ ಧ್ರುವ ಇರುವುದು ದಿಗಂತದಿಂದ 15 ಡಿಗ್ರಿಗಿಂತ ತುಸು ಮೇಲೆ, ಎಷ್ಟೋ ಮನೆಗಳಿಂದ ಮರದ ಹಿಂದೆಯೋ ಪಕ್ಕದ ಮಾಳಿಗೆಯ ಹಿಂದೆಯೋ. ಅಗ್ಗದ ಸ್ಟ್ಯಾಂಡುಗಳು ಜಪಾನು, ಯುರೋಪು, ಅಮೆರಿಕದ ಎತ್ತರದ ಅಕ್ಷಾಂಶಗಳಿಗೆ ಹೊಂದುವಂಥವು. ನಮ್ಮ 15 ಡಿಗ್ರಿಗೆ ಬಗ್ಗಿಸಿದರೆ ಕೆಲವು ಅಷ್ಟು ಕೆಳಗೆ ಬರುವುದೇ ಇಲ್ಲ. ಬಂದರೂ ಭಾರದ ಕಂಬಿ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವ ಸಾದಾ ಸ್ಟ್ಯಾಂಡೇ ನಮಗೆ ಒಳ್ಳೆಯದು.

ಅಂಥ ಸಾದಾ ಸ್ಟ್ಯಾಂಡಿನ ಟೆಲಿಸ್ಕೋಪನ್ನೇ ನಾನು ಮನಸಾರೆ ಹೇಳುವುದು: ಡಾಬ್ಸೋನಿಯನ್. ಇದನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ 1944ರಿಂದ 1967ರವರೆಗೆ ಅಮೆರಿಕದ ಕ್ಯಾಲಿಫೋರ್ನಿಯಾದ ವೇದಾಂತ ಸೊಸೈಟಿಯಲ್ಲಿ ಸನ್ಯಾಸಿಯಾಗಿದ್ದವರು. ಕೈಗೆ ಸಿಕ್ಕ ಗಾಜು ಅರೆದು ಕನ್ನಡಿ ಮಾಡಿ, ರಟ್ಟಿನ ಕೊಳವೆಯಲ್ಲಿಟ್ಟು, ಪ್ಲೈವುಡ್ ಪೆಟ್ಟಿಗೆಯ ಮೇಲೆ ಕೂರಿಸಿ, ರಸ್ತೆಬದಿಯಲ್ಲಿ ಹೋಗುವವರಿಗೆಲ್ಲ ಆಕಾಶ ತೋರಿಸಿದರು. ನಿಮ್ಮ ತಂದೆಯವರ ಕಾಲದಲ್ಲಿ 6 ಇಂಚಿನ, ಅಂದರೆ 150 ಮಿ.ಮೀ. ಕನ್ನಡಿ ಬೇಕೆಂದರೆ ನಮ್ಮ ಕಡೆಯವರು ತಾವೇ ಕೂತು ಅರೆಯಬೇಕಿತ್ತು. ಈಗ ಅದು ಕಾರ್ಖಾನೆಯಿಂದ ಸಿದ್ಧವಾಗಿ ಬರುತ್ತದೆ. ಹಳೆಯದಕ್ಕೂ ಹೊಸದಕ್ಕೂ ಇರುವ ನಿಜವಾದ ವ್ಯತ್ಯಾಸ ನನ್ನ ಲೆಕ್ಕದಲ್ಲಿ ಇದೇ. ಅಗಲವಾದ ಕನ್ನಡಿ ಮಧ್ಯಮ ವರ್ಗದ ಮನೆಗೆ ಎಟುಕುವ ಹತ್ತಿರಕ್ಕೆ ಬಂದಿದೆ.

ಏನು ಕಾಣುತ್ತದೆ? ನಾವು ದಕ್ಷಿಣಕ್ಕಿರುವುದರ ಲಾಭ ಇಲ್ಲಿದೆ. ಒಮೆಗಾ ಸೆಂಟಾರಿ ಎಂಬ ನಕ್ಷತ್ರ ಗುಚ್ಛ ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ನಿಮ್ಮ ದಕ್ಷಿಣದಲ್ಲಿ ಸುಮಾರು 27 ಡಿಗ್ರಿ ಎತ್ತರಕ್ಕೆ ಬರುತ್ತದೆ. ಲಂಡನ್ನಿನವರಿಗೆ ಅದು ಎಂದೂ ಹುಟ್ಟುವುದೇ ಇಲ್ಲ. 60 ಮಿ.ಮೀ. ದುರ್ಬೀನಿನಲ್ಲಿ ಅದು ಹತ್ತಿಯ ಉಂಡೆ. 150 ಮಿ.ಮೀ. ಕನ್ನಡಿಯಲ್ಲಿ, ಕತ್ತಲ ಜಾಗದಿಂದ, ಆ ಉಂಡೆ ಒಡೆದು ಸಣ್ಣ ಸಣ್ಣ ನಕ್ಷತ್ರಗಳಾಗುತ್ತದೆ. ಮಕ್ಕಳು ಅದನ್ನು ಮೊದಲ ಸಲ ನೋಡುವಾಗ ಮಾತು ನಿಲ್ಲಿಸುತ್ತಾರೆ.

ಕಷ್ಟಗಳೂ ಇವೆ. 6 ಇಂಚಿನ ಡಾಬ್ಸೋನಿಯನ್ ಸುಮಾರು 15 ಕೆಜಿ ತೂಕ, ಕೊಳವೆ ಎದೆಯುದ್ದ. ಮಾಳಿಗೆಗೆ ಹತ್ತಿಸಲು ಒಬ್ಬರು ಬೇಕು. ಆಗಾಗ ಕನ್ನಡಿಗಳನ್ನು ಸಾಲಿಗೆ ತರಬೇಕು, ಕಲಿತರೆ ಐದು ನಿಮಿಷದ ಕೆಲಸ. ಕನ್ನಡಿಯ ಮೇಲಿನ ಅಲ್ಯುಮಿನಿಯಂ ಲೇಪ ವರ್ಷಗಳು ಕಳೆದಂತೆ ಮಂಕಾಗುತ್ತದೆ. ಮತ್ತೆ ಲೇಪಿಸಲು ನಿರ್ವಾತ ಯಂತ್ರ ಇರುವಲ್ಲಿಗೇ ಕಳಿಸಬೇಕು, ನಮ್ಮ ಸುತ್ತಮುತ್ತಲ ಜಿಲ್ಲೆಗಳಲ್ಲಿ ಮಾಡಿಸಿದವರನ್ನು ನಾನು ಕಂಡಿಲ್ಲ. ಯಾರಾದರೂ ಕೈಯಿಂದ ಅರೆದ ಹಳೆ ಕನ್ನಡಿಯ ಟೆಲಿಸ್ಕೋಪ್ ಮಾರುತ್ತಿದ್ದರೆ ಲೇಪ ಕಪ್ಪಾಗಿದೆ ಎಂದೇ ಬಿಡಬೇಡಿ. ಅಲ್ಲೂ ಗಾಜು ಹಾಗೇ ಇರುತ್ತದೆ, ಹೋಗಿರುವುದು ಮೇಲಿನ ಲೇಪ. ಮೇಲೆ ಹೇಳಿದ ನಕ್ಷತ್ರ ಪರೀಕ್ಷೆ ಮಾಡಿ ನೋಡಿ.

ಇನ್ನು ನಿಮ್ಮ ತಮ್ಮ ಹೇಳಿದ ಸ್ಮಾರ್ಟ್ ಟೆಲಿಸ್ಕೋಪ್. 2023ರಲ್ಲಿ ಬಂದ ಸೀಸ್ಟಾರ್ ಎಸ್50 ಇವುಗಳಲ್ಲಿ ಹೆಸರಾದದ್ದು. ಲೆನ್ಸ್ ಬರೀ 50 ಮಿ.ಮೀ., ನಿಮ್ಮ ತಂದೆಯವರದಕ್ಕಿಂತ ಚಿಕ್ಕದು. ಆದರೆ ಅದರಲ್ಲಿ ಕಣ್ಣಿಡುವ ಜಾಗವೇ ಇಲ್ಲ, ಕ್ಯಾಮೆರಾ ಇದೆ. ಹತ್ತು ಹತ್ತು ಸೆಕೆಂಡಿನ ಚಿತ್ರಗಳನ್ನು ಒಂದರ ಮೇಲೊಂದು ಸೇರಿಸುತ್ತಾ ಹೋಗುತ್ತದೆ. ಕಣ್ಣಿಗೆ ಬೆಳಕು ಕೂಡಿಡಲು ಬರುವುದಿಲ್ಲ, ಕ್ಯಾಮೆರಾಗೆ ಬರುತ್ತದೆ. ಹಾಗಾಗಿ ಓರಿಯನ್ ನೆಬ್ಯುಲಾ ಎಂಬ ಅನಿಲದ ಮೋಡದ ಕೆಂಪು, ಆಂಡ್ರೊಮೆಡಾ ಗೆಲಾಕ್ಸಿಯ ಧೂಳಿನ ಪಟ್ಟಿ ಊರ ದೀಪಗಳ ನಡುವಿನಿಂದಲೂ ಫೋನಿನಲ್ಲಿ ಮೂಡುತ್ತವೆ. ಯಾವ 6 ಇಂಚಿನ ಕನ್ನಡಿಯಲ್ಲೂ ಕಣ್ಣಿಗೆ ಆ ಬಣ್ಣ ಕಾಣುವುದಿಲ್ಲ. ಇದನ್ನು ಮಗಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಫೋಟೋ ನೋಡಿ ಆಸೆಪಟ್ಟ ಮಕ್ಕಳು ಐಪೀಸಿನಲ್ಲಿ ಬೂದು ಬಣ್ಣ ಕಂಡು ಬೇಸರ ಮಾಡಿಕೊಳ್ಳುತ್ತಾರೆ. ಗ್ರಹಗಳಿಗೆ ಮಾತ್ರ ಇದು ಸಾಲದು. ನಾಭಿದೂರ 250 ಮಿ.ಮೀ., ಶನಿ ಒಂದು ಪುಟ್ಟ ಕಾಳಿನಷ್ಟು ಕಾಣುತ್ತದೆ. ನಿಮ್ಮ ಹಳೆ ದುರ್ಬೀನಿನ ಶನಿಯೇ ಚೆಂದ.

ಬೆಲೆ ಅರ್ಧ ಲಕ್ಷದ ಆಸುಪಾಸು, ನಿಮ್ಮ ಬಜೆಟ್ಟಿನ ಆಚೆ. ನನ್ನ ಅಳುಕು ಬೆಲೆಗಿಂತ ಬಾಳಿಕೆಯದು. ಆ್ಯಪ್ ಇಲ್ಲದೆ ಅದು ಕೆಲಸ ಮಾಡುವುದಿಲ್ಲ. ಬ್ಯಾಟರಿ ಒಳಗೇ ಕೂತಿದೆ. ಕಂಪನಿ ಆ್ಯಪ್ ನಿಲ್ಲಿಸಿದ ದಿನ ಒಳ್ಳೆಯ ಲೆನ್ಸ್ ಇದ್ದೂ ನಿರುಪಯೋಗ. ಫೋಟೋ ಆಸೆ ಗಟ್ಟಿಯಾಗಿದ್ದು, ಇದು ಎಂಟು-ಹತ್ತು ವರ್ಷದ ವಸ್ತು ಎಂದು ಒಪ್ಪಿಕೊಂಡರೆ ಕೊಳ್ಳಬಹುದು. ಎಂಟನೇ ಕ್ಲಾಸಿನ ಹುಡುಗಿಯ ಮೊದಲ ಸಾಧನ ಅದಾಗಬಾರದು ಎನ್ನುವುದು ನನ್ನ ಅಭಿಪ್ರಾಯ. ಆಕಾಶದಲ್ಲಿ ಯಾವುದು ಎಲ್ಲಿದೆ ಎಂದು ಅವಳು ಹುಡುಕುವ ಕೆಲಸವನ್ನೆಲ್ಲ ಯಂತ್ರವೇ ಮಾಡಿಬಿಡುತ್ತದೆ. ಹುಡುಕುವುದರಲ್ಲೇ ಕಲಿಕೆ ಇರುವುದು.

ಎಲ್ಲಿ ನಿಂತು ನೋಡುತ್ತೀರಿ

ಟೆಲಿಸ್ಕೋಪ್ ಬದಲಿಸುವ ಮುಂಚೆ ಜಾಗ ಬದಲಿಸಿ ನೋಡಿ. ನಮ್ಮ ಸೀಮೆಯಲ್ಲಿ ಆರ್‌ಸಿಸಿ ಮಾಳಿಗೆ ಹಗಲೆಲ್ಲ ಕಾದು ರಾತ್ರಿ ಹತ್ತರವರೆಗೂ ಶಾಖ ಬಿಡುತ್ತದೆ. ಕೊಪ್ಪಳ, ಆನೆಗೊಂದಿ ಕಡೆಯ ಬಂಡೆ ಗುಡ್ಡಗಳೂ ಹಾಗೇ. ಬೇಸಿಗೆ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ಗಾಳಿ ನಡುಗುವುದನ್ನು ನೋಡಿರುತ್ತೀರಿ. ಅದೇ ನಡುಕ ಮಾಳಿಗೆಯ ಮೇಲೆ ಇರುಳಲ್ಲೂ ಇರುತ್ತದೆ, ಶನಿ ಕುದಿಯುವಂತೆ ಕಾಣುತ್ತದೆ. ಟೆಲಿಸ್ಕೋಪನ್ನು ಅರ್ಧ ಗಂಟೆ ಮುಂಚೆ ಹೊರಗಿಟ್ಟು ತಣಿಸಿ. ಸಾಧ್ಯವಾದರೆ ಮಣ್ಣಿನ ಅಂಗಳದಿಂದ ನೋಡಿ. ಗ್ರಹಗಳಿಗೆ ಬೆಳಗಿನ ಜಾವ ಎಲ್ಲಕ್ಕಿಂತ ಒಳ್ಳೆಯದು.

ನೆಬ್ಯುಲಾ, ಗುಚ್ಛಗಳಿಗೆ ಕತ್ತಲು ಬೇಕು. ಕಾರಟಗಿಯಲ್ಲಿ ಗಿರಣಿಗಳ ದೀಪ, ಕೊಯ್ಲಿನ ಕಾಲದ ಧೂಳು, ಹುಲ್ಲು ಸುಟ್ಟ ಹೊಗೆ. ಕನಕಗಿರಿ ದಾಟಿ ಒಣಬೇಸಾಯದ ಕಡೆ, ಕುಷ್ಟಗಿ ದಿಕ್ಕಿಗೆ ಹೋದರೆ ಗಾಳಿಯೂ ಒಣ, ದೀಪವೂ ಕಡಿಮೆ. ಅಲ್ಲಿ 60 ಮಿ.ಮೀ. ದುರ್ಬೀನು ತೋರಿಸುವುದನ್ನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬೆಳಕಿನ ಪಕ್ಕ, ಶಕ್ತಿನಗರದ ವಿದ್ಯುತ್ ಸ್ಥಾವರದ ಪಕ್ಕ ನಿಂತರೆ 6 ಇಂಚೂ ತೋರಿಸಲಾರದು. ನಿಮ್ಮ ಗದ್ದೆ ಸೀಮೆಯಲ್ಲಿ ಚಳಿಗಾಲದ ರಾತ್ರಿ ಇಬ್ಬನಿ ಬೇಗ ಕೂರುತ್ತದೆ. ಲೆನ್ಸಿನ ಮುಂದೆ ಕಪ್ಪು ಡ್ರಾಯಿಂಗ್ ಶೀಟಿನ ಕೊಳವೆಯೊಂದನ್ನು ಗೇಣುದ್ದ ಚಾಚುವಂತೆ ಸುತ್ತಿ. ಕೂತ ಇಬ್ಬನಿಯನ್ನು ಒರೆಸಬೇಡಿ, ಆರಲು ಬಿಡಿ. ಪೂರ್ತಿ ಆರಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಳಗಿಡಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. 25,000ದಲ್ಲಿ ನಾಲ್ಕೈದು ಸಾವಿರ ಹಳೆಯದರ ಐಪೀಸ್, ಅಡಾಪ್ಟರ್, ಫೈಂಡರ್, ಸೋಲಾರ್ ಫಿಲ್ಮಿಗೆ ತೆಗೆದು ಉಳಿದದ್ದನ್ನು ಹಾಗೇ ಇಡುತ್ತಿದ್ದೆ. ಒಂದು ಚಳಿಗಾಲ, ಒಂದು ಬೇಸಿಗೆ ಮಗಳು ಅದರಲ್ಲೇ ನೋಡಲಿ. ಕಂಡದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬಿಡಿಸಲಿ. ಆಮೇಲೂ ಆಸೆ ಹಾಗೇ ಇದ್ದರೆ ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ 6 ಇಂಚಿನ ಡಾಬ್ಸೋನಿಯನ್ ಕೊಳ್ಳಿ. ಸೇರಿಸಲು ಆಗದಿದ್ದರೆ ಅದೇ ಬಗೆಯ 130 ಮಿ.ಮೀ. ಮೇಜಿನ ಮೇಲಿಡುವ ಸಣ್ಣದು ಬರುತ್ತದೆ, ಅದೂ ಒಳ್ಳೆಯದೇ. ಕನ್ನಡಿ ಪ್ಯಾರಾಬೋಲಾ ಆಕಾರದ್ದೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಆಗಲೂ ಚಂದ್ರನಿಗೆ, ಶನಿಗೆ ತಾತನ ದುರ್ಬೀನನ್ನೇ ಎತ್ತಿಕೊಂಡು ಹೋಗುವ ದಿನಗಳು ಬರುತ್ತವೆ, ಯಾಕೆಂದರೆ ಅದು ಹಗುರ.

ಸದ್ಯಕ್ಕೆ ಲೆನ್ಸನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಟಾರ್ಚ್ ಬೆಳಕಿನಲ್ಲಿ ಅದರ ಎರಡು-ಮೂರು ಫೋಟೋ ತೆಗೆದು ಕಳಿಸಿ. ಬಿಚ್ಚಲೇಬೇಕಾಗಿ ಬಂದರೆ ಎರಡೂ ಗಾಜುಗಳ ಅಂಚಿನ ಮೇಲೆ ಒಟ್ಟಿಗೆ ಬರುವ ಹಾಗೆ ಪೆನ್ಸಿಲ್ಲಿನಿಂದ ಬಾಣದ ಗುರುತು ಹಾಕಿ, ಬಾಣದ ತುದಿ ಆಕಾಶದ ಕಡೆಗಿರಲಿ. ನಡುವೆ ಮೂರು ತುಣುಕು ತೆಳು ತಗಡಿನ ಹಾಳೆ ಇರುತ್ತದೆ, ಕಸ ಎಂದು ಎಸೆಯಬೇಡಿ. ಎರಡು ಗಾಜುಗಳ ನಡುವಿನ ಅಂತರ ಕಾಯುವುದು ಅವೇ.